ನಾಡದೋಣಿಗೆ ತಕ್ಕ ಎಂಜಿನ್: ಇಂಧನ ಉಳಿಯುವುದು ಎಲ್ಲಿ?

ಬೆಳಗಾವಿಯ ಸದಾಶಿವನಗರದ ಅಡುಗೆಮನೆಯೊಂದಕ್ಕೆ ಬರುವ ಬಂಗುಡೆ ಮೀನು ಎರಡು ಪ್ರಯಾಣಗಳನ್ನು ಮುಗಿಸಿ ಬಂದಿರುತ್ತದೆ. ಎರಡನೆಯದು ಎಲ್ಲರಿಗೂ ಗೊತ್ತಿರುವಂಥದ್ದು: ಕಾರವಾರದಿಂದ ಅಣಶಿ ಘಟ್ಟ ಹತ್ತಿ ರಾಮನಗರ, ಖಾನಾಪುರದ ಮೂಲಕ, ಅಥವಾ ಗೋವೆಯಿಂದ ಚೋರ್ಲಾ ಘಟ್ಟ ದಾಟಿ ಜಾಂಬೋಟಿಯ ಮೂಲಕ ಮಂಜುಗಡ್ಡೆಯೊಡನೆ ಬರುವ ವಾಹನದ ಪ್ರಯಾಣ. ಮೊದಲನೆಯದು ಕಡಲಿನಲ್ಲಿ, ಬಲೆಯಿಂದ ದಡದವರೆಗೆ, ಸಣ್ಣದೊಂದು ಎಂಜಿನ್ ತಳ್ಳುವ ದೋಣಿಯಲ್ಲಿ ನಡೆಯುತ್ತದೆ. ನಾಡದೋಣಿಯ ದಿನದ ಖರ್ಚಿನಲ್ಲಿ ದೊಡ್ಡ ಪಾಲು ಇಂಧನದ್ದೇ. ಹಾಗಾಗಿ ಮಧ್ಯಮ ಗಾತ್ರದ ಮೀನುಗಾರಿಕಾ ದೋಣಿಗೆ ಎಂಥ ಎಂಜಿನ್ ಬೇಕು ಎಂಬ ಪ್ರಶ್ನೆ ಮೀನುಗಾರನ ಆದಾಯವನ್ನೂ ಘಟ್ಟದ ಮೇಲಿನ ಮೀನಿನ ಬೆಲೆಯನ್ನೂ ಮುಟ್ಟುತ್ತದೆ.

ಔಟ್‌ಬೋರ್ಡ್ ಎಂಜಿನ್ ಎಂದರೇನು

ದೋಣಿಯ ಒಡಲೊಳಗೆ ಕೂರಿಸದೆ, ಹಿಂಬದಿಯ ಅಡ್ಡಹಲಗೆಗೆ ಹೊರಗಿನಿಂದ ತಿರುಪು ಹಿಡಿಗಳಲ್ಲಿ ಬಿಗಿಯುವ ಎಂಜಿನ್ನಿಗೆ ಔಟ್‌ಬೋರ್ಡ್ ಎಂದು ಹೆಸರು. ಇದರಲ್ಲಿ ಮೂರು ಭಾಗಗಳಿವೆ. ಮೇಲಿನ ಮುಚ್ಚಳದೊಳಗೆ ಅಂತರ್ದಹನ ಯಂತ್ರ. ನಡುವೆ ಉದ್ದನೆಯ ಕಾಲು, ಅದರೊಳಗೆ ಲಂಬವಾಗಿ ಇಳಿಯುವ ಚಾಲಕ ದಂಡ. ತಳದಲ್ಲಿ ನೀರಿನಲ್ಲಿ ಮುಳುಗಿರುವ ಗೇರುಪೆಟ್ಟಿಗೆ ಮತ್ತು ಪ್ರೊಪೆಲ್ಲರ್. ಈ ಪ್ರೊಪೆಲ್ಲರನ್ನು ಬಂದರಿನ ಮಾತಿನಲ್ಲಿ ಫ್ಯಾನ್ ಎನ್ನುವುದು ರೂಢಿ. ಎಂಜಿನ್ನನ್ನೇ ಎಡಬಲಕ್ಕೆ ತಿರುಗಿಸಿ ದೋಣಿಯ ದಿಕ್ಕನ್ನು ಬದಲಿಸುವುದರಿಂದ ಬೇರೆ ಚುಕ್ಕಾಣಿಯ ಅಗತ್ಯವಿಲ್ಲ. ದಡ ಸಮೀಪಿಸಿದಾಗ ಕಾಲನ್ನು ಮೇಲಕ್ಕೆತ್ತಬಹುದು. ಕೆಲಸ ಮುಗಿದ ಮೇಲೆ ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ಒಯ್ಯಬಹುದು. ಬಂದರಿಲ್ಲದ, ಮರಳ ದಂಡೆಯ ಮೇಲೆ ದೋಣಿಯನ್ನು ಎಳೆದು ನಿಲ್ಲಿಸುವ ಊರುಗಳಿಗೆ ಇದು ಒಗ್ಗಿದ್ದು ಈ ಗುಣದಿಂದಲೇ.

ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ಇಂಥ ಎಂಜಿನ್ನುಗಳನ್ನು ವಾಣಿಜ್ಯ ಪ್ರಮಾಣದಲ್ಲಿ ತಯಾರಿಸಲು ತೊಡಗಿದರು. ಭಾರತದ ಸಾಂಪ್ರದಾಯಿಕ ದೋಣಿಗಳಿಗೆ ಇವು ವ್ಯಾಪಕವಾಗಿ ತಲುಪಿದ್ದು 1980ರ ದಶಕದಲ್ಲಿ. ಕರ್ನಾಟಕದ ಕರಾವಳಿಯಲ್ಲಿ ಅದಕ್ಕೊಂದು ಹಿನ್ನೆಲೆಯೂ ಇತ್ತು. 1970ರ ದಶಕದ ನಡುವಿನಲ್ಲಿ, ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಬಳಿಕ, ಇಡೀ ಊರು ಸೇರಿ ದಂಡೆಯಿಂದ ಎಳೆಯುತ್ತಿದ್ದ ರಂಪಣಿ ಬಲೆಗೆ ಮೀನು ಸಿಗುವುದು ಕಡಿಮೆಯಾಯಿತು. ಮೀನು ದಂಡೆಗೆ ಬರುವುದನ್ನು ಕಾಯುತ್ತಿದ್ದವರು ಮೀನಿದ್ದಲ್ಲಿಗೆ ಹೋಗಬೇಕಾಯಿತು. ಹುಟ್ಟು ಮತ್ತು ಹಾಯಿಗಳಿಂದ ಅದು ಆಗುವ ಮಾತಾಗಿರಲಿಲ್ಲ.

ಹತ್ತು ಅಶ್ವಶಕ್ತಿಯ ಗಡಿ

ಈ ಲೇಖನದಲ್ಲಿ ಮಧ್ಯಮ ಗಾತ್ರದ ದೋಣಿ ಎಂದರೆ 7ರಿಂದ 9 ಮೀಟರ್ ಉದ್ದದ, ಫೈಬರ್ ಅಥವಾ ಮರದ, ಎರಡರಿಂದ ಐದಾರು ಮಂದಿ ಹೋಗುವ ನಾಡದೋಣಿ. ಜನ, ಬಲೆ, ಮೀನು ಎಲ್ಲ ಸೇರಿ ಇದರ ತೂಕ ಎರಡರಿಂದ ಮೂರು ಟನ್ನಿನ ಆಸುಪಾಸು. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಲ್ಲಿ ಇಂಥ ದೋಣಿಗಳಿವೆ. ಕಂತಬಲೆ ಬಿಡುವುದು, ಬಂಗುಡೆ ಮತ್ತು ಬೂತಾಯಿಗಾಗಿ ಮಾಟುಬಲೆ ಹಾಕುವುದು, ಗಾಳ ಹಾಕುವುದು ಇವುಗಳ ಮುಖ್ಯ ಕಸುಬು.

ಎಷ್ಟು ಶಕ್ತಿಯ ಎಂಜಿನ್ ಎಂಬ ಪ್ರಶ್ನೆಗೆ ಕಾನೂನಿನ ಒಂದು ಉತ್ತರವಿದೆ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಗೆ ಮೀರದ ಎಂಜಿನ್ ಇರುವ ಸಾಂಪ್ರದಾಯಿಕ ದೋಣಿಗಳಿಗೆ ಈ ಅವಧಿಯಲ್ಲೂ ಅವಕಾಶವಿದೆ. ಬೋಟುಗಳು ಬಂದರಿನಲ್ಲಿ ಕಟ್ಟಿರುವ, ಮೀನಿಗೆ ಒಳ್ಳೆಯ ಬೆಲೆ ಬರುವ ಆ ಎರಡು ತಿಂಗಳು ನಾಡದೋಣಿಯವರ ದುಡಿಮೆಯ ಕಾಲ. ಅಂಗಡಿಗಳಲ್ಲಿ 8 ಮತ್ತು 9.9 ಅಶ್ವಶಕ್ತಿಯ ಎಂಜಿನ್ನುಗಳಿಗೆ ಇಷ್ಟು ಬೇಡಿಕೆ ಇರುವುದಕ್ಕೆ ಇದೂ ಒಂದು ಕಾರಣ.

ಭೌತಶಾಸ್ತ್ರದ ಉತ್ತರವೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ. ನೀರನ್ನು ಸೀಳಿಕೊಂಡು ಸಾಗುವ ಭಾರದ ದೋಣಿಗೆ ಟನ್ನಿಗೆ 3ರಿಂದ 5 ಅಶ್ವಶಕ್ತಿ ಸಾಕು ಎಂಬುದು ದೋಣಿ ವಿನ್ಯಾಸಕಾರರ ಹಳೆಯ ಸೂತ್ರ. ಎರಡೂವರೆ ಟನ್ನಿನ ದೋಣಿಗೆ ಲೆಕ್ಕ ಹಾಕಿದರೆ ಏಳೂವರೆಯಿಂದ ಹನ್ನೆರಡೂವರೆ ಬರುತ್ತದೆ. ಕಾನೂನೂ ವಿಜ್ಞಾನವೂ ಹೀಗೆ ಒಂದೇ ಸಂಖ್ಯೆಯ ಬಳಿ ಸೇರುವುದು ಅಪರೂಪ.

ಟೂ ಸ್ಟ್ರೋಕ್ ಮತ್ತು ಫೋರ್ ಸ್ಟ್ರೋಕ್

ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಸಿಲಿಂಡರಿಗೆ ಎಳೆದುಕೊಂಡು, ಒತ್ತಿ, ಉರಿಸಿ, ಹೊಗೆಯನ್ನು ಹೊರದೂಡುವುದು ಎಲ್ಲ ಪೆಟ್ರೋಲ್ ಎಂಜಿನ್ನುಗಳ ಕೆಲಸ. ಈ ನಾಲ್ಕನ್ನೂ ಪಿಸ್ಟನ್ನಿನ ನಾಲ್ಕು ಪ್ರತ್ಯೇಕ ಚಲನೆಗಳಲ್ಲಿ ಮಾಡುವುದು ಫೋರ್ ಸ್ಟ್ರೋಕ್. ಎರಡೇ ಚಲನೆಗಳಲ್ಲಿ ಮುಗಿಸುವುದು ಟೂ ಸ್ಟ್ರೋಕ್. ಎರಡನೆಯದರಲ್ಲಿ ಸಿಲಿಂಡರಿನ ತಲೆಯಲ್ಲಿ ಕವಾಟಗಳಿಲ್ಲ, ಬಿಡಿಭಾಗಗಳು ಕಡಿಮೆ, ತೂಕ ಕಡಿಮೆ. ಹತ್ತು ಅಶ್ವಶಕ್ತಿಯ ಆಸುಪಾಸಿನ ಫೋರ್ ಸ್ಟ್ರೋಕ್ ಎಂಜಿನ್ 40ರಿಂದ 50 ಕಿಲೋ ತೂಗಿದರೆ ಅದೇ ಶಕ್ತಿಯ ಟೂ ಸ್ಟ್ರೋಕ್ 35ರಿಂದ 40 ಕಿಲೋ. ದಂಡೆಯ ಮೇಲೆ ಹೊರುವವನ ಹೆಗಲಿಗೆ ಈ ವ್ಯತ್ಯಾಸ ತಿಳಿಯುತ್ತದೆ.

ಸರಳತೆಗೆ ತೆರುವ ಬೆಲೆ ಇಂಧನದ ರೂಪದಲ್ಲಿರುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವ ರಂಧ್ರ, ಹಳೆಯ ಹೊಗೆ ಹೊರಹೋಗುವ ರಂಧ್ರ ಕೆಲಕ್ಷಣ ಒಟ್ಟಿಗೆ ತೆರೆದಿರುತ್ತವೆ. ಹೊಸ ಮಿಶ್ರಣವೇ ಹೊಗೆಯನ್ನು ತಳ್ಳಿ ಹೊರಹಾಕಬೇಕು. ತಳ್ಳುವ ಭರದಲ್ಲಿ ಅದರ ಒಂದಂಶ ತಾನೂ ಉರಿಯದೆ ಹೊರಟುಹೋಗುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿಗಳಲ್ಲಿ ಹೀಗೆ ನಷ್ಟವಾಗುವ ಇಂಧನ ನಾಲ್ಕನೇ ಒಂದು ಪಾಲಿನಷ್ಟೂ ಆಗಬಹುದು. ಎಂಜಿನ್ನಿನ ಹಿಂದೆ ನೀರಿನ ಮೇಲೆ ಕಾಣುವ ಬಣ್ಣಬಣ್ಣದ ಎಣ್ಣೆಪೊರೆ ಆ ನಷ್ಟದ ಸಾಕ್ಷಿ. ಇದರ ಜೊತೆಗೆ ಇಂಧನದಲ್ಲಿ ಎಣ್ಣೆಯನ್ನು ಬೆರೆಸಬೇಕು. ಪೆಟ್ರೋಲ್ ಮಾದರಿಗಳಲ್ಲಿ ಸಾಮಾನ್ಯವಾದ 50ಕ್ಕೆ 1ರ ಪ್ರಮಾಣದಲ್ಲಿ ಲೀಟರಿಗೆ 20 ಮಿಲಿಲೀಟರ್ ಎಣ್ಣೆ ಉರಿದುಹೋಗುತ್ತದೆ.

ಅಂದಾಜಿಗೆ ಹೇಳುವುದಾದರೆ, ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಪಡೆಯಲು ಕಾರ್ಬ್ಯುರೇಟರಿನ ಟೂ ಸ್ಟ್ರೋಕ್ ಎಂಜಿನ್ನಿಗೆ ಅರ್ಧ ಲೀಟರ್ ಇಂಧನ ಬೇಕು. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಮೂರನೇ ಒಂದು ಲೀಟರ್, ಸಣ್ಣ ಡೀಸೆಲ್ ಎಂಜಿನ್ನಿಗೆ ಕಾಲು ಲೀಟರ್ ಸಾಕು. ಎಂಜಿನ್ನಿನ ವಯಸ್ಸು, ಭಾರ, ಹೊಂದಾಣಿಕೆಗಳಿಂದ ಈ ಅಂಕಿಗಳು ಹೆಚ್ಚುಕಡಿಮೆಯಾಗುತ್ತವೆ. ಅನುಕ್ರಮ ಮಾತ್ರ ಬದಲಾಗದು.

ಸೀಮೆಎಣ್ಣೆಯ ಲೆಕ್ಕ

ನಮ್ಮ ಕರಾವಳಿಯ ಪರಿಚಿತ ಔಟ್‌ಬೋರ್ಡ್ ಪೆಟ್ರೋಲಿನದಲ್ಲ, ಸೀಮೆಎಣ್ಣೆಯದು. ಇದೂ ಟೂ ಸ್ಟ್ರೋಕ್ ಎಂಜಿನ್ನೇ. ಸೀಮೆಎಣ್ಣೆ ತಣ್ಣಗಿರುವಾಗ ಸುಲಭವಾಗಿ ಆವಿಯಾಗದು. ಆದ್ದರಿಂದ ಎಂಜಿನ್ನನ್ನು ಪೆಟ್ರೋಲಿನಲ್ಲಿ ಎಳೆದು ಚಾಲೂ ಮಾಡಿ, ಬಿಸಿಯೇರಿದ ಬಳಿಕ ತಿರುಗುಕೀಲಿಯಿಂದ ಸೀಮೆಎಣ್ಣೆಗೆ ಬದಲಿಸಬೇಕು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಂದು ಕಾರ್ಬ್ಯುರೇಟರನ್ನು ತೊಳೆಯಬೇಕು. ಈ ಕೊನೆಯ ಹೆಜ್ಜೆಯನ್ನು ತಪ್ಪಿಸಿದರೆ ಮರುದಿನ ನಸುಕಿನಲ್ಲಿ ಹಗ್ಗ ಎಳೆದೆಳೆದು ರಟ್ಟೆ ಸೋಲುತ್ತದೆ.

ಸೀಮೆಎಣ್ಣೆಯ ದಹನಗುಣಕ್ಕೆ ತಕ್ಕಂತೆ ಸಿಲಿಂಡರಿನ ಒತ್ತಡದ ಅನುಪಾತವನ್ನು ತಗ್ಗಿಸಿರುತ್ತಾರೆ. ಇಲ್ಲವಾದರೆ ಮಿಶ್ರಣ ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ನಿಗೆ ಏಟು ಬೀಳುತ್ತದೆ. ಒತ್ತಡದ ಅನುಪಾತ ತಗ್ಗಿದರೆ ಕ್ಷಮತೆಯೂ ತಗ್ಗುತ್ತದೆ. ಲೀಟರೊಂದರಲ್ಲಿ ಪೆಟ್ರೋಲಿಗಿಂತ ತುಸು ಹೆಚ್ಚೇ ಶಾಖಶಕ್ತಿ ಇದ್ದರೂ ಸೀಮೆಎಣ್ಣೆ ಅದನ್ನು ಫ್ಯಾನಿನವರೆಗೆ ತಲುಪಿಸುವುದಿಲ್ಲ. ಮಸಿ ಕಟ್ಟುವುದು, ಪ್ಲಗ್ ಒದ್ದೆಯಾಗುವುದು ಇದರ ದಿನನಿತ್ಯದ ತೊಂದರೆಗಳು.

ಇಷ್ಟಾದರೂ ಅದು ಉಳಿದಿದ್ದು ಸರ್ಕಾರದ ರಿಯಾಯಿತಿ ದರದಿಂದ. ರಿಯಾಯಿತಿಯ ಸೀಮೆಎಣ್ಣೆ ಸಕಾಲಕ್ಕೆ, ಸಾಕಷ್ಟು ಸಿಕ್ಕರೆ ಲೆಕ್ಕ ಅದರ ಪರವಾಗಿ ನಿಲ್ಲುತ್ತದೆ. ಮುಕ್ತ ಮಾರುಕಟ್ಟೆಯಲ್ಲಿ ಕೊಂಡರೆ ನಿಲ್ಲುವುದಿಲ್ಲ. ಗೃಹಬಳಕೆಗೆ ಅಡುಗೆ ಅನಿಲ ಹಬ್ಬಿದಂತೆ ಸೀಮೆಎಣ್ಣೆಯ ಹಂಚಿಕೆ ಕುಗ್ಗುತ್ತ ಬಂದಿದೆ. 2023ರ ಜುಲೈನಲ್ಲಿ ಮಂಡನೆಯಾದ ರಾಜ್ಯ ಬಜೆಟ್, ನಾಡದೋಣಿಗಳ ಸೀಮೆಎಣ್ಣೆ ಎಂಜಿನ್ನುಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನುಗಳಿಗೆ ಬದಲಿಸಿಕೊಳ್ಳಲು ತಲಾ 50,000 ರೂಪಾಯಿ ಸಹಾಯಧನವನ್ನು ಘೋಷಿಸಿತು. ಇಂದು ಹೊಸ ಎಂಜಿನ್ ಕೊಳ್ಳುವವರು ಮುಂದಿನ ಹತ್ತು ವರ್ಷ ಯಾವ ಇಂಧನ ಸಿಗುತ್ತದೆ ಎಂಬುದನ್ನೂ ಕೊಳ್ಳುತ್ತಿದ್ದಾರೆ ಎಂದೇ ಹೇಳಬೇಕು.

ದೋಣಿಯ ವೇಗಕ್ಕೆ ಇರುವ ಮಿತಿ

ಎಂಜಿನ್ನಿನ ಆಯ್ಕೆಯ ಚರ್ಚೆ ಸಾಮಾನ್ಯವಾಗಿ ಕಂಪನಿಯ ಹೆಸರಿನಲ್ಲೇ ಮುಗಿದುಹೋಗುತ್ತದೆ. ಇಂಧನದ ಹೆಚ್ಚಿನ ಪಾಲು ತೀರ್ಮಾನವಾಗುವುದು ಬೇರೆ ಕಡೆ: ದೋಣಿಯ ಉದ್ದ ಮತ್ತು ಅದನ್ನು ಓಡಿಸುವ ವೇಗದಲ್ಲಿ.

ಭಾರದ ದೋಣಿ ಸಾಗುವಾಗ ಮುಂಭಾಗದಲ್ಲಿ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯ ಉದ್ದವೂ ಹೆಚ್ಚುತ್ತದೆ. ಅಲೆಯ ಉದ್ದ ದೋಣಿಯ ಜಲರೇಖೆಯ ಉದ್ದಕ್ಕೆ ಸಮವಾದಾಗ ದೋಣಿಯ ಮೂತಿ ಒಂದು ಅಲೆಯ ಮೇಲೂ ಹಿಂಭಾಗ ಅದರ ಹಿಂದಿನ ಅಲೆಯ ಮೇಲೂ ಕೂರುತ್ತವೆ. ಅಲ್ಲಿಂದ ಮುಂದೆ ವೇಗ ಹೆಚ್ಚಿಸಲು ಹೊರಟರೆ ಹಿಂಭಾಗ ತಗ್ಗಿಗೆ ಕುಸಿದು, ದೋಣಿ ತಾನೇ ಎಬ್ಬಿಸಿದ ನೀರಿನ ಏರನ್ನು ಹತ್ತಬೇಕಾಗುತ್ತದೆ. ಈ ಮಿತಿಯ ವೇಗವನ್ನು ಜಲರೇಖೆಯ ಉದ್ದದಿಂದಲೇ ಕಂಡುಕೊಳ್ಳಬಹುದು. ಮೀಟರುಗಳಲ್ಲಿ ಉದ್ದದ ವರ್ಗಮೂಲ ತೆಗೆದು 2.43ರಿಂದ ಗುಣಿಸಿದರೆ ನಾಟ್‌ಗಳಲ್ಲಿ ವೇಗ ಸಿಗುತ್ತದೆ. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿಲೋಮೀಟರ್. ನೀರನ್ನು ಮುಟ್ಟುವ ಉದ್ದ 7.5 ಮೀಟರ್ ಇರುವ ದೋಣಿಗೆ ಈ ಮಿತಿ ಸುಮಾರು 6.7 ನಾಟ್. ಆ ದೋಣಿಗೆ 10ರ ಬದಲು 20 ಅಶ್ವಶಕ್ತಿ ಕಟ್ಟಿದರೂ ವೇಗ ಇಮ್ಮಡಿಯಾಗದು. ಇಮ್ಮಡಿಯಾಗುವುದು ಅಲೆ, ಸದ್ದು ಮತ್ತು ಬಂಕಿನ ಬಿಲ್ಲು.

ಮಿತಿಯ ಒಳಗೂ ಬೆಲೆ ಏರುತ್ತಲೇ ಇರುತ್ತದೆ. ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂದು ಸ್ಥೂಲವಾಗಿ ಹಿಡಿಯಬಹುದು. ಮಿತಿಯ ಹತ್ತಿರದಲ್ಲಿ ಅದಕ್ಕಿಂತ ಕಡಿದಾಗಿಯೂ ಏರುತ್ತದೆ. ದಡದಿಂದ 10 ನಾಟಿಕಲ್ ಮೈಲು ದೂರದ ಮೀನಿನ ಜಾಗಕ್ಕೆ ಹೋಗಿಬರುವ ಒಂದು ದೋಣಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 6.5 ನಾಟ್‌ನಲ್ಲಿ ಅದಕ್ಕೆ 9 ಅಶ್ವಶಕ್ತಿ ಬೇಕಾದರೆ, 5.5 ನಾಟ್‌ನಲ್ಲಿ ಸುಮಾರು 5.5 ಸಾಕು. ಹೋಗುವ ದಾರಿಯಲ್ಲಿ ತಡವಾಗುವುದು 17 ನಿಮಿಷ.

ಮೇಲೆ ಹೇಳಿದ ಅಂದಾಜುಗಳನ್ನು ಇದಕ್ಕೆ ಅನ್ವಯಿಸಿದರೆ ಹೋಗಿಬರುವ 20 ಮೈಲಿಗೆ ಟೂ ಸ್ಟ್ರೋಕ್ ಎಂಜಿನ್ ವೇಗವಾಗಿ ಓಡಿದರೆ ಸುಮಾರು 14 ಲೀಟರ್, ನಿಧಾನವಾಗಿ ಓಡಿದರೆ 10 ಲೀಟರ್ ಬೇಕು. ಫೋರ್ ಸ್ಟ್ರೋಕ್ ವೇಗವಾಗಿ ಓಡಿದರೆ 9 ಲೀಟರ್ ಮೀರುತ್ತದೆ, ನಿಧಾನವಾಗಿ ಓಡಿದರೆ ಸುಮಾರು ಆರೂವರೆ ಲೀಟರಿನಲ್ಲಿ ಮುಗಿಯುತ್ತದೆ. ನಡುವಿನ ಎರಡು ಅಂಕಿಗಳನ್ನು ಗಮನಿಸಬೇಕು. ಲಕ್ಷಗಟ್ಟಲೆ ಕೊಟ್ಟು ಹೊಸ ಎಂಜಿನ್ ತಂದು ಹಳೆಯ ಆತುರದಲ್ಲೇ ಓಡಿಸುವುದಕ್ಕೂ, ಹಳೆಯ ಎಂಜಿನ್ನಿನ ವೇಗ ನಿಯಂತ್ರಿಸುವ ಹಿಡಿಯನ್ನು ಸ್ವಲ್ಪ ಸಡಿಲಿಸುವುದಕ್ಕೂ ಇಂಧನದ ಲೆಕ್ಕದಲ್ಲಿ ದೊಡ್ಡ ಅಂತರವಿಲ್ಲ.

ಎಲ್ಲರಿಗೂ ಎಲ್ಲ ದಿನವೂ ನಿಧಾನ ಸಾಧ್ಯವಿಲ್ಲ ಎಂಬುದು ನಿಜ. ಮಾಟುಬಲೆಯವರು ಬಂಗುಡೆಯ ಹಿಂಡು ಕಂಡ ಕೂಡಲೇ ಅದನ್ನು ಸುತ್ತುವರಿಯಬೇಕು. ಆ ಕೆಲವು ನಿಮಿಷ ಪೂರ್ಣ ಶಕ್ತಿ ಬೇಕೇ ಬೇಕು. ಮೊದಲು ದಡ ಸೇರಿದ ದೋಣಿಗೆ ಹರಾಜಿನಲ್ಲಿ ಒಳ್ಳೆಯ ಬೆಲೆ ಸಿಗುವ ದಿನಗಳೂ ಇವೆ. ಕಂತಬಲೆಯವರಿಗೆ ಹೋಗುವ ದಾರಿಯಲ್ಲಿ ಅಂಥ ಅವಸರವಿಲ್ಲ. ಎಂಜಿನ್ ಕೊಳ್ಳುವ ಮೊದಲು ಬಲೆ ಯಾವುದು ಎಂದು ಕೇಳಿಕೊಳ್ಳುವುದು ಈ ಕಾರಣಕ್ಕೆ.

ಫ್ಯಾನಿನ ವ್ಯಾಸ ಮತ್ತು ಪಿಚ್

ಪ್ರೊಪೆಲ್ಲರಿನ ಮೇಲೆ ಎರಡು ಸಂಖ್ಯೆಗಳನ್ನು ಇಂಚುಗಳಲ್ಲಿ ಕೆತ್ತಿರುತ್ತಾರೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ಮರದೊಳಗೆ ಇಳಿಯುವ ತಿರುಪಿನಂತೆ, ಜಾರದೆ ಒಂದು ಸುತ್ತು ತಿರುಗಿದರೆ ಫ್ಯಾನ್ ಎಷ್ಟು ಮುಂದೆ ಸಾಗಬೇಕೋ ಆ ದೂರವೇ ಪಿಚ್. ನೀರು ಮರವಲ್ಲವಾದ್ದರಿಂದ ಫ್ಯಾನ್ ಜಾರುತ್ತದೆ. ಸ್ವಲ್ಪ ಜಾರುವುದು ಅನಿವಾರ್ಯ. ಅತಿಯಾಗಿ ಜಾರಿದರೆ ಇಂಧನ ನೀರನ್ನು ಕಲಕಲು ಖರ್ಚಾಗುತ್ತದೆ.

ಅಂಗಡಿಯಿಂದ ಬರುವ 9.9 ಅಶ್ವಶಕ್ತಿಯ ಸಾಧಾರಣ ಎಂಜಿನ್ನುಗಳು ಹಗುರವಾದ ವಿಹಾರ ದೋಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಅವುಗಳ ಗೇರು ಅನುಪಾತ 2.08ರ ಆಸುಪಾಸಿನಲ್ಲಿರುತ್ತದೆ, ಪಿಚ್ ಒಂಬತ್ತು ಹತ್ತು ಇಂಚಿನದು. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗಿದಾಗ ಫ್ಯಾನ್ ಸುಮಾರು 2,400 ಸುತ್ತು ತಿರುಗುತ್ತದೆ. 9 ಇಂಚಿನ ಪಿಚ್ ಇದ್ದರೆ ಅದು ಜಾರದೆ ಸಾಗಬೇಕಾದ ವೇಗ ಸುಮಾರು 17.8 ನಾಟ್. ಆದರೆ ನಮ್ಮ ನಾಡದೋಣಿ 6 ನಾಟ್ ದಾಟುವುದೇ ಕಷ್ಟ. ಮೂರರಲ್ಲಿ ಎರಡು ಪಾಲು ಜಾರುವಿಕೆ! ವಾಸ್ತವದಲ್ಲಿ ಅಂಥ ಎಂಜಿನ್ 5,000 ಸುತ್ತನ್ನು ಮುಟ್ಟುವುದೇ ಇಲ್ಲ. ಹಿಡಿಯನ್ನು ಪೂರ್ತಿ ತಿರುಗಿಸಿದರೂ ತೊಳಲಾಡುತ್ತ, ಬಿಸಿಯೇರುತ್ತ, ಮಸಿ ಕಕ್ಕುತ್ತ ಸಾಗುತ್ತದೆ. ಮಾಲೀಕ ಎಂಜಿನ್ನಿಗೆ ದಮ್ಮಿಲ್ಲವೆಂದು ಬೈದು ಮುಂದಿನ ಬಾರಿ ದೊಡ್ಡದನ್ನು ತರುತ್ತಾನೆ.

ಇದಕ್ಕೆ ಪರಿಹಾರ ದೊಡ್ಡ ಎಂಜಿನ್ ಅಲ್ಲ, ದೊಡ್ಡ ಫ್ಯಾನ್. ಭಾರ ತಳ್ಳುವುದಕ್ಕೆಂದೇ ಮಾಡಿದ, ಹೈ ಥ್ರಸ್ಟ್ ಎಂದು ಕರೆಯುವ ಮಾದರಿಗಳಲ್ಲಿ ಗೇರು ಅನುಪಾತ ಹೆಚ್ಚು, 9.9 ಅಶ್ವಶಕ್ತಿಯ ಒಂದು ಪ್ರಸಿದ್ಧ ಮಾದರಿಯಲ್ಲಿ ಅದು 2.92. ಅದೇ 5,000 ಸುತ್ತಿಗೆ ಫ್ಯಾನ್ ಸುಮಾರು 1,700 ಸುತ್ತು ತಿರುಗುತ್ತದೆ. ನಿಧಾನವಾಗಿ ತಿರುಗುವುದರಿಂದ ಹೆಚ್ಚು ವ್ಯಾಸದ ಫ್ಯಾನನ್ನು ಹೊರಬಲ್ಲದು. 7 ಇಂಚಿನ ಪಿಚ್ ಹಾಕಿದರೆ ಜಾರದ ವೇಗ ಸುಮಾರು 9.9 ನಾಟ್, 6 ನಾಟ್‌ನಲ್ಲಿ ಸಾಗುವಾಗ ಜಾರುವಿಕೆ 40 ಪ್ರತಿಶತದೊಳಗೆ ಉಳಿಯುತ್ತದೆ. ಸ್ವಲ್ಪ ನೀರನ್ನು ರಭಸದಿಂದ ಎಸೆಯುವುದಕ್ಕಿಂತ ಹೆಚ್ಚು ನೀರನ್ನು ನಿಧಾನವಾಗಿ ತಳ್ಳುವುದು ಕಡಿಮೆ ಖರ್ಚಿನ ದಾರಿ ಎಂಬುದು ಪ್ರೊಪೆಲ್ಲರ್ ವಿನ್ಯಾಸದ ಮೂಲತತ್ತ್ವ. ಹೈ ಥ್ರಸ್ಟ್ ಮಾದರಿ ಸಿಗದಿದ್ದರೂ ಸಾಧಾರಣ ಎಂಜಿನ್ನಿಗೆ ಪಿಚ್ ಕಡಿಮೆಯಿರುವ ಫ್ಯಾನನ್ನು ಬೇರೆಯಾಗಿ ತರಿಸಿಕೊಳ್ಳಬಹುದು. ಇಡೀ ಎಂಜಿನ್ನಿನ ಬೆಲೆಯ ಮುಂದೆ ಅದರ ಬೆಲೆ ಅಲ್ಪ.

ಅಂಚು ಮುರಿದ, ಕಲ್ಲಿಗೆ ತಾಗಿ ಮಡಚಿದ ಎಲೆಗಳಿರುವ ಫ್ಯಾನನ್ನು ಇಟ್ಟುಕೊಂಡು ಇಂಧನಕ್ಷಮತೆಯ ಮಾತಾಡುವುದರಲ್ಲಿ ಅರ್ಥವಿಲ್ಲ.

ಅಳವಡಿಕೆ

ಎಂಜಿನ್ನಿನ ಕಾಲಿನ ಉದ್ದ ಮುಖ್ಯವಾಗಿ ಮೂರು ಅಳತೆಗಳಲ್ಲಿ ಬರುತ್ತದೆ: 15, 20 ಮತ್ತು 25 ಇಂಚು. ದೋಣಿಯ ಅಡ್ಡಹಲಗೆಯ ಎತ್ತರವನ್ನು ಅಳೆದು ಇದನ್ನು ಆರಿಸಬೇಕು. ಫ್ಯಾನಿನ ನೇರ ಮೇಲೆ ಚಪ್ಪಟೆಯಾದ ಒಂದು ತಟ್ಟೆಯಿರುತ್ತದೆ. ಅದು ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ ಇರುವುದು ಸರಿಯಾದ ಸ್ಥಾನ. ಕಾಲು ಗಿಡ್ಡವಾದರೆ ಅಲೆಯೇರಿದಾಗ ಫ್ಯಾನ್ ಗಾಳಿಯನ್ನು ಎಳೆದುಕೊಂಡು ಸುಮ್ಮನೆ ಚೀರುತ್ತದೆ. ಉದ್ದವಾದರೆ ನೀರಿನ ಎಳೆತ ಹೆಚ್ಚುತ್ತದೆ. ಹಿಂಭಾಗವೂ ಚೂಪಾಗಿರುವ ಹಳೆಯ ಮರದ ದೋಣಿಗಳಲ್ಲಿ ಎಂಜಿನ್ನನ್ನು ಪಕ್ಕದ ಚೌಕಟ್ಟಿಗೆ ಕಟ್ಟುತ್ತಾರೆ. ಆಗ ದೋಣಿ ಒಂದು ಬದಿಗೆ ಎಳೆಯುತ್ತದೆ, ಚಾಲಕ ಹಿಡಿಯನ್ನು ಸದಾ ಓರೆಯಾಗಿ ಹಿಡಿದಿರಬೇಕಾಗುತ್ತದೆ. ಅದೂ ಇಂಧನದ ಸೋರಿಕೆಯೇ.

ತಳಕ್ಕೆ ಅಂಟುವ ಪಾಚಿ, ಚಿಪ್ಪುಗಳನ್ನು ಕೆರೆದು ತೆಗೆಯುವುದು, ಉಪ್ಪುನೀರಿನಿಂದ ಬಂದ ಎಂಜಿನ್ನನ್ನು ಸಿಹಿನೀರಿನಲ್ಲಿ ಓಡಿಸಿ ತೊಳೆಯುವುದು, ತುಕ್ಕನ್ನು ತಾನೇ ನುಂಗಿ ಎಂಜಿನ್ನನ್ನು ಕಾಯುವ ಸತುವಿನ ತುಂಡನ್ನು ಕಾಲಕಾಲಕ್ಕೆ ಬದಲಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸಗಳು.

ಪೆಟ್ರೋಲಿನಲ್ಲಿ ಎಥೆನಾಲ್

ಸೀಮೆಎಣ್ಣೆ ಬಿಟ್ಟು ಪೆಟ್ರೋಲಿಗೆ ಬರುವವರಿಗೆ ಹೊಸದೊಂದು ಸಂಗತಿ ಎದುರಾಗುತ್ತದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಯಿತು. ಆ ಎಥೆನಾಲ್‌ನ ಒಂದು ಮೂಲ ಬೆಳಗಾವಿ ಜಿಲ್ಲೆಯ ಕಬ್ಬು ಎಂಬುದು ಇಲ್ಲಿಯ ಓದುಗರಿಗೆ ಹೊಸ ವಿಷಯವಲ್ಲ. ಘಟ್ಟದ ಮೇಲಿನ ಕಬ್ಬು ಹೀಗೆ ಘಟ್ಟದ ಕೆಳಗಿನ ದೋಣಿಯನ್ನು ತಲುಪಿದೆ.

ಲೀಟರ್ ಎಥೆನಾಲ್‌ನಲ್ಲಿರುವ ಶಾಖಶಕ್ತಿ ಪೆಟ್ರೋಲಿನದರ ಮೂರನೇ ಎರಡು ಪಾಲು ಮಾತ್ರ. ಹೀಗಾಗಿ 20 ಪ್ರತಿಶತದ ಮಿಶ್ರಣದಲ್ಲಿ ಲೀಟರಿಗೆ ಸುಮಾರು 7 ಪ್ರತಿಶತ ಶಕ್ತಿ ಕಡಿಮೆ. ಅದಕ್ಕಿಂತ ಗಂಭೀರವಾದುದು ನೀರಿನ ಸಮಸ್ಯೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಂದು ಹಂತ ಮೀರಿದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಡಬ್ಬದ ತಳಕ್ಕೆ ಇಳಿಯುತ್ತವೆ. ಎಂಜಿನ್ನಿನ ಕೊಳವೆ ಇಂಧನ ಎಳೆಯುವುದೂ ಆ ತಳದಿಂದಲೇ. ಮಳೆಗಾಲದ ಕರಾವಳಿಯಲ್ಲಿ ಅರೆತುಂಬಿದ ಡಬ್ಬವನ್ನು ವಾರಗಟ್ಟಲೆ ಇಡುವುದು ಈ ಕಾರಣಕ್ಕೆ ಅಪಾಯ. ಹಲವು ಔಟ್‌ಬೋರ್ಡ್ ತಯಾರಕರ ಕೈಪಿಡಿಗಳು ಎಥೆನಾಲ್‌ಗೆ 10 ಪ್ರತಿಶತದ ಮಿತಿ ಹಾಕಿವೆ. ಕೊಳ್ಳುವ ಮಾದರಿಗೆ 20 ಪ್ರತಿಶತ ಒಪ್ಪಿತವೇ ಎಂಬುದನ್ನು ಮಾರಾಟಗಾರರಿಂದ ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ನೀರು ಬೇರ್ಪಡಿಸುವ ಫಿಲ್ಟರನ್ನು ಇಂಧನದ ಕೊಳವೆಯಲ್ಲಿ ಅಳವಡಿಸುವುದು ಸಣ್ಣ ಖರ್ಚಿನ ದೊಡ್ಡ ರಕ್ಷಣೆ.

ಪೆಟ್ರೋಲ್ ಎಂಜಿನ್ನುಗಳಲ್ಲೇ ಇನ್ನೊಂದು ಆಯ್ಕೆಯಿದೆ: ಇಂಧನವನ್ನು ಇಲೆಕ್ಟ್ರಾನಿಕ್ ನಿಯಂತ್ರಣದಿಂದ ಸಿಂಪಡಿಸುವ ಮಾದರಿಗಳು ಕಾರ್ಬ್ಯುರೇಟರ್ ಮಾದರಿಗಳಿಗಿಂತ, ವಿಶೇಷವಾಗಿ ಅರೆವೇಗದಲ್ಲಿ, ಮಿತವ್ಯಯಿಗಳು. ಆದರೆ ಕೆಟ್ಟರೆ ದಂಡೆಯ ಮೇಲೆ ಕುಳಿತು ತಂತಿಯಲ್ಲಿ ಚುಚ್ಚಿ ಸರಿಪಡಿಸಲಾಗದು. ನೂರು ಕಿಲೋಮೀಟರಿನೊಳಗೆ ಅದನ್ನು ಬಿಚ್ಚಬಲ್ಲ ಮೆಕ್ಯಾನಿಕ್ ಇಲ್ಲದಿದ್ದರೆ ಉಳಿಸಿದ ಇಂಧನ ಒಂದೇ ರಿಪೇರಿಯಲ್ಲಿ ಕರಗುತ್ತದೆ.

ಡೀಸೆಲ್ ಮತ್ತು ವಿದ್ಯುತ್

ಕ್ಷಮತೆಯಲ್ಲಿ ಡೀಸೆಲ್ಲಿಗೆ ಸಾಟಿಯಿಲ್ಲ. ಆದರೆ ಇಂದು ಸಿಗುವ ಡೀಸೆಲ್ ಔಟ್‌ಬೋರ್ಡ್‌ಗಳು ಬಹುತೇಕ ನೂರಾರು ಅಶ್ವಶಕ್ತಿಯ, ನಾಡದೋಣಿಗೆ ಎಟುಕದ ಬೆಲೆಯ ಯಂತ್ರಗಳು. ತಮಿಳುನಾಡು, ಆಂಧ್ರ ಮತ್ತು ಒಡಿಶಾ ತೀರಗಳಲ್ಲಿ ಸಣ್ಣ ಡೀಸೆಲ್ ಎಂಜಿನ್ನಿಗೆ ಉದ್ದನೆಯ ದಂಡ ಜೋಡಿಸಿ, ಅದರ ತುದಿಯಲ್ಲಿ ಫ್ಯಾನ್ ಕಟ್ಟಿ ಓಡಿಸುವ ಪದ್ಧತಿ ಹಬ್ಬಿದೆ. ಅಗ್ಗ, ಗಟ್ಟಿ, ಮಿತವ್ಯಯಿ. ಸದ್ದು ಮತ್ತು ನಡುಕ ಮಾತ್ರ ವಿಪರೀತ.

ವಿದ್ಯುತ್ ಎಂಜಿನ್ನಿನ ತೊಡಕು ಬ್ಯಾಟರಿಯ ತೂಕದಲ್ಲಿದೆ. ಮೇಲಿನ ಉದಾಹರಣೆಯ 20 ಮೈಲಿಯ ನಿಧಾನ ಪ್ರಯಾಣಕ್ಕೆ ಆರೂವರೆ ಲೀಟರ್ ಪೆಟ್ರೋಲ್, ಅಂದರೆ 5 ಕಿಲೋಗಿಂತ ಕಡಿಮೆ ತೂಕ ಸಾಕಿತ್ತು. ಅದೇ ಕೆಲಸಕ್ಕೆ, ಆಪತ್ಕಾಲದ ಮೀಸಲು ಸೇರಿ, ಒಂದೂವರೆ ಕ್ವಿಂಟಲ್‌ಗೂ ಮಿಕ್ಕಿದ ಲಿಥಿಯಂ ಬ್ಯಾಟರಿ ಬೇಕು. ತೆರೆದ ಕಡಲಿಗೆ ಇದು ಸದ್ಯಕ್ಕೆ ಹೊಂದದು.

ಘಟ್ಟದ ಮೇಲಿನ ನೀರಿನಲ್ಲಿ

ಬೆಳಗಾವಿ ಜಿಲ್ಲೆಗೆ ಕಡಲಿಲ್ಲ. ಎರಡು ದೊಡ್ಡ ಜಲಾಶಯಗಳಿವೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಯ ರಾಜಾ ಲಖಮಗೌಡ ಜಲಾಶಯ, ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಯ ರೇಣುಕಾಸಾಗರ. ಒಳನಾಡಿನ ಮೀನುಗಾರರ ಸಾಂಪ್ರದಾಯಿಕ ವಾಹನ ಹರಿಗೋಲು. ಅದಕ್ಕೆ ಎಂಜಿನ್ ಕಟ್ಟುವ ಪ್ರಶ್ನೆಯೇ ಇಲ್ಲ. ಫೈಬರ್ ದೋಣಿಗೆ ಎಂಜಿನ್ ಕೂರಿಸುವವರು ಮಾತ್ರ ಒಂದು ವಿಷಯವನ್ನು ನೆನಪಿಡಬೇಕು.

ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿನ ಶಕ್ತಿ ಪ್ರತಿ 100 ಮೀಟರಿಗೆ ಸುಮಾರು ಒಂದು ಪ್ರತಿಶತ ಇಳಿಯುತ್ತದೆ. ಹಿಡಕಲ್ ಜಲಾಶಯದ ಪೂರ್ಣ ಮಟ್ಟ 2,175 ಅಡಿ, ಅಂದರೆ ಸುಮಾರು 663 ಮೀಟರ್. ಕಾರವಾರದ ಕಡಲಲ್ಲಿ 10 ಅಶ್ವಶಕ್ತಿ ಕೊಡುವ ಎಂಜಿನ್ ಇಲ್ಲಿ ಸುಮಾರು 9.3 ಮಾತ್ರ ಕೊಡುತ್ತದೆ. ಕಾರ್ಬ್ಯುರೇಟರ್ ಮಾದರಿಯಾದರೆ ಗಾಳಿ ಕಡಿಮೆಯಾಗಿ ಇಂಧನ ಹೆಚ್ಚಾದ ಮಿಶ್ರಣ ಉರಿಯುತ್ತದೆ. ಕರಾವಳಿಯಿಂದ ಹಳೆಯ ಎಂಜಿನ್ ತಂದವರು ಮಿಶ್ರಣವನ್ನು ಮರುಹೊಂದಿಸಿ, ಪಿಚ್ಚನ್ನು ಒಂದು ಇಂಚು ತಗ್ಗಿಸುವುದು ಸೂಕ್ತ. ದೂರ ಕಡಿಮೆ, ಅಲೆ ಕಡಿಮೆ, ಸಂಜೆ ದಡಕ್ಕೆ ಮರಳುವುದು ಖಚಿತವಾದ ಇಂಥ ಜಲಾಶಯಗಳು ವಿದ್ಯುತ್ ಎಂಜಿನ್ನಿಗೆ ಒಪ್ಪುವ ಜಾಗಗಳೂ ಹೌದು. ಬ್ಯಾಟರಿಗೆ ತೆಳುಗಾಳಿಯ ಗೊಡವೆಯಿಲ್ಲ.

ಕೊಳ್ಳುವ ಮುನ್ನ ಒಂದು ಅಳತೆ

ವೆಚ್ಚವನ್ನು ಗಂಟೆಗೆ ಎಷ್ಟು ಲೀಟರ್ ಎಂದು ಕೇಳುವುದು ವಾಡಿಕೆ. ಕೇಳಬೇಕಾದದ್ದು ಮೈಲಿಗೆ ಎಷ್ಟು ಲೀಟರ್ ಎಂದು. ಅಳೆಯಲು ಬೇಕಾದ್ದು ಗೆರೆ ಹಾಕಿದ ಒಂದು ಪಾರದರ್ಶಕ ಡಬ್ಬ, ಜಿಪಿಎಸ್ ಇರುವ ಮೊಬೈಲು ಮತ್ತು ಸುತ್ತುಗಳನ್ನು ಎಣಿಸುವ ಒಂದು ಮಾಪಕ. ದೋಣಿಯಲ್ಲಿ ಎಂದಿನಷ್ಟೇ ಜನ, ಬಲೆ ಮತ್ತು ಮಂಜುಗಡ್ಡೆಯ ಭಾರವಿರಬೇಕು. ಖಾಲಿ ದೋಣಿಯ ಪರೀಕ್ಷೆ ಮಾರಾಟಗಾರನಿಗೆ ಮಾತ್ರ ಉಪಯುಕ್ತ. ಒಂದೇ ವೇಗದಲ್ಲಿ ಒಂದು ಮೈಲು ಹೋಗಿ ಅದೇ ದಾರಿಯಲ್ಲಿ ಮರಳಿದರೆ ಗಾಳಿ ಮತ್ತು ಸೆಳೆತದ ಪ್ರಭಾವ ಬಹುಮಟ್ಟಿಗೆ ಅಳಿದುಹೋಗುತ್ತದೆ. ಮೂರು ನಾಲ್ಕು ವೇಗಗಳಲ್ಲಿ ಹೀಗೆ ಅಳೆದು ಬರೆದುಕೊಂಡರೆ ಯಾವ ವೇಗದ ಬಳಿಕ ಇಂಧನ ಧಿಗ್ಗನೆ ಏರುತ್ತದೆ ಎಂಬುದು ಕಾಗದದ ಮೇಲೆ ಕಾಣುತ್ತದೆ.

ಹಿಡಿಯನ್ನು ಪೂರ್ತಿ ತೆರೆದಾಗ ಎಂಜಿನ್ ಕೈಪಿಡಿಯಲ್ಲಿ ಹೇಳಿದ ಗರಿಷ್ಠ ಸುತ್ತುಗಳ ವ್ಯಾಪ್ತಿಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಪಿಚ್ ಹೆಚ್ಚಾಗಿದೆ, ಮೀರಿದರೆ ಕಡಿಮೆಯಾಗಿದೆ. ಒಂದು ಇಂಚು ಪಿಚ್ ತಗ್ಗಿಸಿದರೆ ಸ್ಥೂಲವಾಗಿ 200 ಸುತ್ತು ಹೆಚ್ಚುತ್ತದೆ.

ಹಣದ ಲೆಕ್ಕ ವರ್ಷಕ್ಕೆ ಎಂಜಿನ್ ಓಡುವ ಗಂಟೆಗಳ ಮೇಲೆ ನಿಂತಿದೆ. ಮೇಲಿನ ಉದಾಹರಣೆಯ ನಿಧಾನ ವೇಗದಲ್ಲಿ ಫೋರ್ ಸ್ಟ್ರೋಕ್ ಗಂಟೆಗೆ ಸುಮಾರು 0.9 ಲೀಟರ್ ಉಳಿಸುತ್ತದೆ. ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ ಹಿಡಿದರೆ ವರ್ಷಕ್ಕೆ 800 ಗಂಟೆ ದುಡಿಯುವ ದೋಣಿಗೆ ಉಳಿತಾಯ ಸುಮಾರು 72,000 ರೂಪಾಯಿ. 150 ಗಂಟೆ ಮಾತ್ರ ಓಡುವ ದೋಣಿಗೆ 13,500. ಮೊದಲಿನವರು ಹೊಸ ಎಂಜಿನ್ನಿನ ಹೆಚ್ಚುವರಿ ಬೆಲೆಯನ್ನು ಬೇಗ ಹಿಂಪಡೆಯುತ್ತಾರೆ. ಎರಡನೆಯವರು ಸದ್ಯಕ್ಕೆ ಹಳೆಯದಕ್ಕೇ ಸರಿಯಾದ ಫ್ಯಾನ್ ಹಾಕಿಸಿಕೊಂಡು ಸಾಗುವುದು ಲೇಸು.

ಇಂಧನ ಅಳೆಯುವ ಈ ಪರೀಕ್ಷೆಗೆ ಮೇ ತಿಂಗಳು ಸಕಾಲ. ಜೂನ್‌ನಲ್ಲಿ ಕಡಲು ಎದ್ದ ಮೇಲೆ ಒಂದೇ ವೇಗದಲ್ಲಿ ನೇರ ಓಡುವುದು ಆಗದು, ಬೇಕಾದ ಪಿಚ್ಚಿನ ಫ್ಯಾನ್ ತರಿಸಿಕೊಳ್ಳಲು ಸಮಯವೂ ಉಳಿದಿರುವುದಿಲ್ಲ.